ಫಸ್ಟ್ ಸ್ಟ್ರೀಟ್‌ನ ಎರಡು ಕೋರ್ಟುಗಳು

ಎಲ್ಲರಿಗೂ ನಮಸ್ಕಾರ.

ನನ್ನ ಪೆದ್ದುತನದಿಂದಲೇ ಶುರು ಮಾಡುತ್ತೇನೆ. ಅಮೆರಿಕದ ಸಿಟಿಜನ್ ಆದ ಮೇಲೆ ನನಗೆ ಮೊದಲ ಸಲ ಜ್ಯೂರಿ ಸಮನ್ಸ್ ಬಂತು, ಅಂದರೆ ಕೋರ್ಟಿನಲ್ಲಿ ಕೇಸು ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪಿಗೆ ಕರೆಯೋಲೆ. ಅದನ್ನು ಹಿಡಿದುಕೊಂಡು ಸ್ಯಾನ್ ಹೋಸೆಯ ನಾರ್ತ್ ಫಸ್ಟ್ ಸ್ಟ್ರೀಟ್ ಕೋರ್ಟಿಗೆ ಹೋದೆ. ಬೆಲ್ಟು ಬಿಚ್ಚಿ, ಚೀಲ ಸ್ಕ್ಯಾನ್ ಮಾಡಿಸಿ, ಕ್ಯೂನಲ್ಲಿ ನಿಂತು ಕಾಗದ ಕೊಟ್ಟೆ. ಕೌಂಟರಿನಾಕೆ ಒಮ್ಮೆ ನೋಡಿ, "ಇದು ನಮ್ಮದಲ್ಲ, ಸೌತ್ ಫಸ್ಟ್ ಸ್ಟ್ರೀಟ್‌ಗೆ ಹೋಗಿ" ಅಂದರು. ಅದೇ ರಸ್ತೆ, ಹತ್ತು-ಹನ್ನೆರಡು ನಿಮಿಷದ ನಡಿಗೆ. ಆದರೆ ಅಲ್ಲಿರುವುದು ಬೇರೆ ಸರ್ಕಾರದ ಕೋರ್ಟು.

ಊರಿನಿಂದ ಬಂದ ನಮಗೆ ಇದು ತಲೆಗೆ ಹೋಗೋದು ಸ್ವಲ್ಪ ಕಷ್ಟ. ತುಮಕೂರಿನ ಕೋರ್ಟನ್ನೇ ತಗೊಳ್ಳಿ. ಸಂಸತ್ತು ಮಾಡಿದ ಕಾನೂನಿನ ಕೇಸೂ ಅಲ್ಲೇ, ವಿಧಾನಸಭೆ ಮಾಡಿದ ಕಾನೂನಿನ ಕೇಸೂ ಅಲ್ಲೇ. ಸೋತವರು ಹೈಕೋರ್ಟಿಗೆ, ಆಮೇಲೆ ದೆಹಲಿಗೆ. ಒಂದೇ ಏಣಿ. ಅಮೆರಿಕದಲ್ಲಿ ಏಣಿ ಎರಡು. ರಾಜ್ಯದ್ದೊಂದು, ಫೆಡರಲ್ ಅಂದರೆ ಕೇಂದ್ರ ಸರ್ಕಾರದ್ದೊಂದು. ಫೆಡರಲ್ ಏಣಿಯ ಮೊದಲ ಮೆಟ್ಟಿಲಿನ ಹೆಸರು ಡಿಸ್ಟ್ರಿಕ್ಟ್ ಕೋರ್ಟ್. ನಮ್ಮ ಜಿಲ್ಲಾ ಕೋರ್ಟಿಗೂ ಇದಕ್ಕೂ ಹೆಸರಲ್ಲಿ ಬಿಟ್ಟರೆ ನೆಂಟಸ್ತಿಕೆ ಇಲ್ಲ.

ದೇಶದಲ್ಲಿ ಇಂಥ 94 ಡಿಸ್ಟ್ರಿಕ್ಟ್‌ಗಳಿವೆ. ಕ್ಯಾಲಿಫೋರ್ನಿಯಾಕ್ಕೆ ನಾಲ್ಕು. ನಮ್ಮದು ನಾರ್ದರ್ನ್. ಹೆಸರು ಉತ್ತರ ಅಂತ ಇದ್ದರೂ ಇದು ನಿಜಕ್ಕೂ ಕರಾವಳಿ ಪಟ್ಟಿ. ಆರೆಗನ್ ಗಡಿಯ ಡೆಲ್ ನಾರ್ಟ್‌ನಿಂದ ಕೆಳಗೆ ಮಾಂಟೆರೇವರೆಗೆ 15 ಕೌಂಟಿಗಳು, ಅಂದರೆ ನಮ್ಮೂರಿನ ಜಿಲ್ಲೆಗಳಂಥವು. ಸ್ಯಾಕ್ರಮೆಂಟೊ ಇದರಲ್ಲಿಲ್ಲ, ಅದು ಈಸ್ಟರ್ನ್. ಮೌಂಟನ್ ಹೌಸ್‌ನಲ್ಲಿ ಮನೆ ತಗೊಂಡು ದಿನಾ ಫ್ರಿಮಾಂಟ್‌ಗೆ ಕೆಲಸಕ್ಕೆ ಬರುವವರು ಇಲ್ಲಿ ಇದ್ದೀರಲ್ವಾ? ನಿಮ್ಮದು ಸ್ಯಾನ್ ವಾಕಿನ್ ಕೌಂಟಿ. ಗುಡ್ಡ ದಾಟಿದ್ದೇ ತಡ, ನಿಮ್ಮ ಫೆಡರಲ್ ಕೋರ್ಟೂ ಬದಲಾಯಿತು.

ನಮ್ಮ ಡಿಸ್ಟ್ರಿಕ್ಟ್ ಸ್ಯಾನ್ ಫ್ರಾನ್ಸಿಸ್ಕೊ, ಓಕ್‌ಲೆಂಡ್, ಸ್ಯಾನ್ ಹೋಸೆಗಳಲ್ಲಿ ಕೂರುತ್ತದೆ. ದೂರದ ಯುರೀಕಾ ಕಡೆಗೂ ಒಂದು ವಿಭಾಗ ಇದೆ. ಜಡ್ಜ್‌ಗಳ ಹುದ್ದೆ 14. ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಆಮೇಲೆ ಜೀವಮಾನಪೂರ್ತಿ ಕೆಲಸ, ಸಂಬಳವನ್ನೂ ಕಡಿಮೆ ಮಾಡುವಂತಿಲ್ಲ. ನಮ್ಮಲ್ಲಿ ಹೈಕೋರ್ಟ್ ಜಡ್ಜ್ 62ಕ್ಕೆ ಮನೆಗೆ ಹೋಗುತ್ತಾರೆ. ಇಲ್ಲಿಯ ಮೊದಲ ಜಡ್ಜ್ ಆಗ್ಡನ್ ಹಾಫ್‌ಮನ್ 1851ರಲ್ಲಿ ಕೂತವರು 1891ರವರೆಗೆ ಎದ್ದಿರಲಿಲ್ಲ! ಜಡ್ಜ್‌ಗಳ ಕೈಕೆಳಗೆ ಮ್ಯಾಜಿಸ್ಟ್ರೇಟ್ ಜಡ್ಜ್‌ಗಳಿರುತ್ತಾರೆ. ಅವರನ್ನು ಆರಿಸುವುದು ಈ ಕೋರ್ಟಿನ ಜಡ್ಜ್‌ಗಳೇ, ಎಂಟು ವರ್ಷಕ್ಕೆ. ಎರಡೂ ಕಡೆಯವರು ಒಪ್ಪಿದರೆ ಸಿವಿಲ್ ಕೇಸನ್ನು ಅವರೇ ಕೊನೆವರೆಗೂ ನಡೆಸಬಹುದು.

ಈಗ ಮುಖ್ಯ ವಿಷಯ. ಈ ಕೋರ್ಟಿನ ಬಾಗಿಲು ಕಿರಿದು. ರಾಜ್ಯದ ಕೋರ್ಟು ದೊಡ್ಡ ಛತ್ರ ಇದ್ದ ಹಾಗೆ: ಡೈವೋರ್ಸ್, ಬಾಡಿಗೆ ಜಗಳ, ಆಸ್ತಿ ಪಾಲು, ಹೈವೇ ಟಿಕೆಟ್, ಎಲ್ಲಾ ಅಲ್ಲಿಗೆ. ಫೆಡರಲ್ ಕೋರ್ಟು ಮಾತ್ರ ಮೊದಲು ಕೇಳುವುದು ನಿಮ್ಮ ಕಷ್ಟವನ್ನಲ್ಲ. "ನನ್ನ ಹತ್ತಿರ ಯಾಕೆ ಬಂದೆ?" ಅಂತ. ಉತ್ತರ ಕೊಡಲಾಗದಿದ್ದರೆ ಕೇಸು ಎಷ್ಟೇ ಗಟ್ಟಿಯಾಗಿದ್ದರೂ ಹೊರಗೆ.

ಒಪ್ಪುವ ಉತ್ತರಗಳು ಕೆಲವೇ. ಒಂದು, ನನ್ನ ತಕರಾರು ಫೆಡರಲ್ ಕಾನೂನಿನದು. ಪೇಟೆಂಟ್ ಇದಕ್ಕೆ ಒಳ್ಳೆಯ ಉದಾಹರಣೆ, ಅದನ್ನು ರಾಜ್ಯದ ಕೋರ್ಟು ಮುಟ್ಟುವ ಹಾಗೇ ಇಲ್ಲ. 2012ರಲ್ಲಿ ಆಪಲ್-ಸ್ಯಾಮ್‌ಸಂಗ್ ಜಗಳದಲ್ಲಿ ನೂರು ಕೋಟಿ ಡಾಲರ್ ದಾಟಿದ ಪರಿಹಾರ ಹೇಳಿದ್ದು ಸ್ಯಾನ್ ಹೋಸೆಯ ಒಂಬತ್ತು ಜನ ಜ್ಯೂರಿಗಳು. ಇನ್ನೊಂದು, ಎದುರಾಳಿ ಬೇರೆ ರಾಜ್ಯದವನು, ಮೊತ್ತ 75,000 ಡಾಲರಿಗಿಂತ ಜಾಸ್ತಿ. ಸ್ವಂತ ಊರಿನ ಕೋರ್ಟು ತನ್ನವನ ಕಡೆ ವಾಲೀತು ಅನ್ನೋ ಹಳೇ ಭಯದಿಂದ ಬಂದದ್ದು ಇದು. ಕ್ರಿಕೆಟ್‌ನಲ್ಲಿ ಹೊರಗಿನ ಅಂಪೈರ್ ತಂದ ಹಾಗೆ. ಸರ್ಕಾರದ ಮೇಲಿನ ಕೇಸಿಗೂ ದಾರಿ ಇದೆ. ಸಿಟಿಜನ್‌ಶಿಪ್ ಇಂಟರ್‌ವ್ಯೂ ಮುಗಿದು 120 ದಿನ ಆದರೂ ವಲಸೆ ಇಲಾಖೆ ತುಟಿ ಬಿಚ್ಚದಿದ್ದರೆ ನೀವು ಈ ಕೋರ್ಟಿನ ಮೆಟ್ಟಿಲು ಹತ್ತಬಹುದು.

ಇನ್ನು ಫೆಡರಲ್ ಅಪರಾಧಗಳೂ ಇಲ್ಲಿಗೇ. ಜಾಗ ನೋಡಿಯೂ ಕೋರ್ಟು ಬದಲಾಗುತ್ತೆ. ಸ್ಯಾನ್ ಫ್ರಾನ್ಸಿಸ್ಕೊ ನಗರದ ರಸ್ತೆಯಲ್ಲಿ ಜೋರಾಗಿ ಕಾರು ಓಡಿಸಿದರೆ ರಾಜ್ಯದ ಕೋರ್ಟು. ಅದೇ ಕಾರು ನಗರದೊಳಗಿನ ಪ್ರೆಸಿಡಿಯೋ ಪಾರ್ಕಿನ ಗೇಟು ದಾಟಿದರೆ ಅದು ಫೆಡರಲ್ ನೆಲ. ಅಲ್ಲಿ ಟಿಕೆಟ್ ಸಿಕ್ಕರೆ ಫೆಡರಲ್ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬೇಕಾಗುತ್ತೆ.

ಈ ಕೋರ್ಟಿಗೂ ನಮಗೂ ಹಳೇ ನಂಟು ಒಂದಿದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬ್ರಿಟಿಷರ ವಿರುದ್ಧ ದಂಗೆ ಎಬ್ಬಿಸಲು ಹೊರಟ ಗದರ್ ಪಕ್ಷದವರ ನೆಲೆ ಸ್ಯಾನ್ ಫ್ರಾನ್ಸಿಸ್ಕೊ. ಮೊದಲನೇ ಮಹಾಯುದ್ಧದ ಹೊತ್ತಿಗೆ ಅವರು ಜರ್ಮನಿಯ ನೆರವಿನಿಂದ ಭಾರತಕ್ಕೆ ಬಂದೂಕು ಸಾಗಿಸಲು ನೋಡಿದರು. 1915ರಲ್ಲಿ ಆನಿ ಲಾರ್ಸನ್ ಎಂಬ ಹಾಯಿಹಡಗು ಮದ್ದುಗುಂಡು ತುಂಬಿಕೊಂಡು ಹೊರಟಿತು. ಸಮುದ್ರದಲ್ಲಿ ಸಿಗಬೇಕಿದ್ದ ಇನ್ನೊಂದು ಹಡಗು ಸಿಗಲೇ ಇಲ್ಲ. ಕೊನೆಗೆ ವಾಷಿಂಗ್‌ಟನ್ ರಾಜ್ಯದ ಬಂದರಿನಲ್ಲಿ ಸರಕು ಸಿಕ್ಕಿಬಿತ್ತು.

ಅವರ ಮೇಲೆ ಏನಂತ ಕೇಸು ಹಾಕೋದು? ಬಂದೂಕು ಭಾರತದ ಕಿನಾರೆ ಮುಟ್ಟಿರಲಿಲ್ಲ. ಕ್ಯಾಲಿಫೋರ್ನಿಯಾದ ನೆಲದಲ್ಲಿ ಯಾರೂ ಸತ್ತಿರಲಿಲ್ಲ. ಆದರೆ ಅಮೆರಿಕದ ಜೊತೆ ಶಾಂತಿಯಿಂದಿರುವ ದೇಶದ ಮೇಲೆ ಇಲ್ಲಿಂದ ದಂಡೆತ್ತಿ ಹೋಗಬಾರದು ಅನ್ನುವ ಫೆಡರಲ್ ಕಾನೂನು ಇತ್ತು. ಅದೇ ಸಾಕಾಯಿತು. 1917ರ ನವೆಂಬರಿನಲ್ಲಿ ಜಡ್ಜ್ ವಿಲಿಯಂ ವ್ಯಾನ್ ಫ್ಲೀಟ್ ಮುಂದೆ ವಿಚಾರಣೆ ಶುರುವಾಯಿತು. ಆರೋಪಿಗಳ ಸಾಲಿನಲ್ಲಿ ಗದರಿಗಳು, ಜರ್ಮನ್ ಕಾನ್ಸುಲೇಟಿನವರು, ಹಡಗು ವ್ಯಾಪಾರದವರು. ತಿಂಗಳುಗಟ್ಟಲೆ ನಡೆಯಿತು. ಅಷ್ಟರಲ್ಲಿ ಗದರಿಗಳ ಒಳಗೇ ಒಡಕು. ಕೊನೆಗೆ 1918ರ ಏಪ್ರಿಲ್ 23ರಂದು, ತುಂಬಿದ ಕೋರ್ಟಿನಲ್ಲೇ, ರಾಮ್ ಸಿಂಗ್ ಎಂಬ ಆರೋಪಿ ತನ್ನ ಜೊತೆ ಆರೋಪಿ ರಾಮ್‌ಚಂದ್ರನಿಗೆ ಗುಂಡು ಹಾರಿಸಿ ಕೊಂದ. ಮರುಕ್ಷಣವೇ ಮಾರ್ಷಲ್ ಒಬ್ಬರ ಗುಂಡಿಗೆ ರಾಮ್ ಸಿಂಗ್ ಕೂಡ ಬಿದ್ದ. ಆ ಕಟ್ಟಡ ಇವತ್ತಿಗೂ ಸೆವೆಂತ್ ಮತ್ತು ಮಿಷನ್ ಸ್ಟ್ರೀಟ್ ಮೂಲೆಯಲ್ಲಿದೆ. ಈಗ ಅಲ್ಲಿ ನೈನ್ತ್ ಸರ್ಕ್ಯೂಟ್ ಎಂಬ ಫೆಡರಲ್ ಅಪೀಲು ಕೋರ್ಟು ಕೂರುತ್ತದೆ. ನಮ್ಮ ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ಸೋತವರು ಅಪೀಲಿಗೆ ಹೋಗುವುದು ಅಲ್ಲಿಗೇ. ಪೇಟೆಂಟ್ ಕೇಸು ಮಾತ್ರ ರಾಜಧಾನಿ ವಾಷಿಂಗ್‌ಟನ್‌ನ ಬೇರೆ ಕೋರ್ಟಿಗೆ ಹೋಗುತ್ತದೆ.

ನನ್ನ ಸಮನ್ಸ್ ಏನಾಯಿತು ಅಂತ ಕೇಳ್ತೀರಾ? ಬೆವರು ಒರೆಸಿಕೊಂಡು ಸೌತ್ ಫಸ್ಟ್ ತಲುಪಿದೆ. ಮತ್ತೆ ಬೆಲ್ಟು ಬಿಚ್ಚಿದೆ. ವಕೀಲರು ನಾಲ್ಕು ಪ್ರಶ್ನೆ ಕೇಳಿದರು, ಮಧ್ಯಾಹ್ನಕ್ಕೆ ಬಿಟ್ಟುಬಿಟ್ಟರು. ದಿನಕ್ಕೆ 50 ಡಾಲರ್ ಭತ್ಯೆಯ ಚೆಕ್ ಆಮೇಲೆ ಮನೆಗೆ ಬಂತು. ಆದರೆ ಅಲ್ಲಿ ಕೂತು ನೋಡೋಕೆ ಸಮನ್ಸೇ ಬರಬೇಕು ಅಂತಿಲ್ಲ. ವಿಳಾಸ 280 ಸೌತ್ ಫಸ್ಟ್ ಸ್ಟ್ರೀಟ್. ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಹೋಗಿ, ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತುಕೊಳ್ಳಿ. ಫೋಟೋ ಮಾತ್ರ ತೆಗೆಯಬೇಡಿ.