480 ಜನರ ಕಿವಿ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಯಾವುದಾದರೂ ಖಾಸಗಿ ಎಫ್‌ಎಂ ಹಾಕಿ ನೋಡಿ. ಹಾಡಿಗೆ ಮೊದಲು ಒಂದು ಸಲ, ಹಾಡಾದ ಮೇಲೆ ಒಂದು ಸಲ, ಜಾಹೀರಾತಿಗೆ ಹೋಗುವಾಗ ಮತ್ತೊಂದು ಸಲ ಸ್ಟೇಷನ್ನಿನ ಹೆಸರು, ನಂಬರು ಹೇಳುತ್ತಲೇ ಇರುತ್ತಾರೆ. ಕೇಳೋರಿಗೆ ತಲೆಚಿಟ್ಟು. ಸ್ಟೇಷನ್ ಹಾಕಿಕೊಂಡವರು ನಾವೇ, ನಮಗೆ ಗೊತ್ತಿರಲ್ವಾ? ಗೊತ್ತಿರುತ್ತದೆ. ಈ ಅಭ್ಯಾಸ ಬೆಳೆದದ್ದು, ಬಹುಮಟ್ಟಿಗೆ, ಯಾವ ಸ್ಟೇಷನ್ ಕೇಳಿದೆವು ಎಂದು ಸಮೀಕ್ಷೆಯವರಿಗಾಗಿ ಡೈರಿ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು.

ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ರೇಡಿಯೊ ಸಿಟಿ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ, 2001ರ ಜುಲೈ 3ರಂದು. 2006ರ ಹೊತ್ತಿಗೆ ಮಿರ್ಚಿ, ಬಿಗ್, ಇಂಡಿಗೊ ಎಂದು ಸಾಲಾಗಿ ಬಂದವು. ಜಾಹೀರಾತನ್ನು ಹತ್ತು ಸೆಕೆಂಡಿಗೆ ಇಷ್ಟು ಅಂತ ಮಾರಬೇಕು. ಎಷ್ಟು ಜನ ಕೇಳ್ತಾರೆ ಎಂದು ಜಾಹೀರಾತು ಕೊಡುವವರು ಕೇಳದೆ ಬಿಡ್ತಾರಾ? ಆಕಾಶವಾಣಿಗಾದರೆ ಕೋರಿಕೆ ಪತ್ರಗಳ ಕಟ್ಟು ಇತ್ತು, ತನ್ನದೇ ಶ್ರೋತೃ ಸಂಶೋಧನೆಯ ವಿಭಾಗವೂ ಇತ್ತು. ಖಾಸಗಿಯವರಿಗೆ ಹೊರಗಿನವರೊಬ್ಬರು ಲೆಕ್ಕ ಕೊಡಬೇಕಾಗಿತ್ತು. 2007ರಲ್ಲಿ, ಟೀವಿ ನೋಡುಗರ ಲೆಕ್ಕ ಹಾಕುತ್ತಿದ್ದ ಟ್ಯಾಮ್ ಸಂಸ್ಥೆ ‘ರ್‍ಯಾಮ್’ ಎಂಬ ಅಳತೆ ಶುರು ಮಾಡಿತು. ಟೀವಿಗೆ ಟಿಆರ್‌ಪಿ ಇದ್ದ ಹಾಗೆ ರೇಡಿಯೊಗೆ ಇದು.

ಅಳೆಯುತ್ತಿದ್ದದ್ದು ಯಂತ್ರ ಅಲ್ಲ, ಕಾಗದದ ಡೈರಿ. ಊರಿಗೆ 480 ಜನ, ಎಲ್ಲರೂ ಹನ್ನೆರಡು ವರ್ಷ ದಾಟಿದವರು. ದಿನವನ್ನು ಕಾಲು ಕಾಲು ಗಂಟೆಯಾಗಿ ಸೀಳಿದ ಹಾಳೆಯಲ್ಲಿ, ಯಾವ ಹೊತ್ತಿಗೆ ಯಾವ ಸ್ಟೇಷನ್ ಕೇಳಿದೆವು ಎಂದು ಗುರುತು ಹಾಕಬೇಕು. ಈಗ ಊಹಿಸಿಕೊಳ್ಳಿ. ಮನೆಯಾಕೆ ಒಗ್ಗರಣೆ ಹಾಕ್ತಾ ಎಂಟೂಕಾಲಿಗೆ ಒಂದು ಹಾಡು ಕೇಳಿರುತ್ತಾರೆ. ಪೆನ್ನು ಹಿಡಿದು ಕೂರುವುದು ರಾತ್ರಿ, ಪಾತ್ರೆ ತೊಳೆದಾದ ಮೇಲೆ. ಬೆಳಿಗ್ಗೆ ಕೇಳಿದ್ದು 91.1ಓ, 92.7ಓ? ಹಾಡು ನೆನಪಿರುತ್ತದೆ, ನಂಬರು ಎಲ್ಲಿ ನೆನಪಿರುತ್ತೆ? ಯಾರು ಜಾಸ್ತಿ ಸಲ ಹೆಸರು ಕೂಗಿದ್ದರೋ ಅವರ ಮನೆಗೇ ಗುರುತು. ಡೈರಿ ಅಳೆಯುವುದು ನೆನಪನ್ನು. ಆರ್‌ಜೆಗಳ ಕೂಗಾಟಕ್ಕೆ ಅರ್ಧ ಕಾರಣ ಇದೇ ಅಂತ ನನ್ನ ಲೆಕ್ಕ.

2011ರ ಜನಗಣತಿಯಲ್ಲಿ ಬೆಂಗಳೂರಿನಲ್ಲಿ ಸುಮಾರು 85 ಲಕ್ಷ ಜನ. ಸುಮ್ನೆ ಭಾಗಿಸಿದರೆ, ಮಕ್ಕಳನ್ನೂ ಸೇರಿಸಿ, ಒಂದು ಡೈರಿಯ ಬೆನ್ನಿಗೆ 17 ಸಾವಿರಕ್ಕೂ ಜಾಸ್ತಿ ಜನ. ಇಡೀ ಊರಿನ ಅಂದಾಜಿಗೆ ಇದು ಅಷ್ಟೇನೂ ಕೆಟ್ಟ ಲೆಕ್ಕ ಅಲ್ಲ. ಆದರೆ ಇಪ್ಪತ್ತೈದರಿಂದ ಮೂವತ್ತನಾಲ್ಕರ ಹೆಂಗಸರು, ಮಧ್ಯಾಹ್ನ ಎರಡು ಗಂಟೆ ಅಂತ ಕತ್ತರಿಸುತ್ತಾ ಹೋದರೆ ಕೈಯಲ್ಲಿ ಉಳಿಯುವುದು ಬೆರಳೆಣಿಕೆಯ ಡೈರಿ. ಇಬ್ಬರು ಊರಿಗೆ ಹೋದರೆ ಸ್ಟೇಷನ್ನಿನ ಸ್ಥಾನವೇ ಅದಲುಬದಲಾಗಬಹುದು.

ಇನ್ನು ಎಲ್ಲಾ ಸ್ಟೇಷನ್ನೂ ಒಂದೇ ಥರ ಕೇಳಿಸೋದು ಯಾಕೆ? ಖಾಸಗಿ ಎಫ್‌ಎಂನವರು ತಮ್ಮದೇ ಸುದ್ದಿ ಓದುವಂತಿಲ್ಲ. ಹಾಗಾಗಿ ಹಾಡು, ಹರಟೆ, ತಮಾಷೆ ಫೋನು, ಇಷ್ಟರಲ್ಲೇ ಕಾದಾಟ. ಇದರ ಮೇಲೆ ಇನ್ನೊಂದು ನಿಯಮ ಇತ್ತು. ಒಂದು ಊರಿನಲ್ಲಿ ಒಬ್ಬ ಮಾಲೀಕನಿಗೆ ಒಂದೇ ಸ್ಟೇಷನ್. ಇರುವ ಒಂದೇ ಸ್ಟೇಷನ್ನನ್ನು ಹಳೇ ಹಾಡಿಗೋ ಗಜಲ್‌ಗೋ ಮೀಸಲಿಡುವ ಧೈರ್ಯ ಯಾರಿಗಿದೆ? ಎಲ್ಲರೂ ಜನ ಜಾಸ್ತಿ ಇರುವ ಕಡೆಗೇ ನುಗ್ಗಿದರು, ಹೊಸ ಸಿನಿಮಾ ಹಾಡಿಗೆ. ಇಂಗ್ಲಿಷ್ ಹಾಡನ್ನೇ ನಂಬಿಕೊಂಡ ಇಂಡಿಗೊ ಒಂದು ಅಪವಾದ. ಮುಂದೆ ನಿಯಮ ಸಡಿಲವಾಯಿತು. ಊರಿನ ಕೇಂದ್ರಗಳಲ್ಲಿ ನೂರಕ್ಕೆ 40ರವರೆಗೆ ಒಬ್ಬರೇ ಇಟ್ಟುಕೊಳ್ಳಬಹುದು, ಒಟ್ಟು ಮಾಲೀಕರು ಮೂವರಿಗೆ ಕಮ್ಮಿ ಇರಬಾರದು ಅಂತಾಯಿತು. 98.3ರಲ್ಲಿ ಕನ್ನಡ ಹಾಡು ಹಾಕುತ್ತಿದ್ದ ಮಿರ್ಚಿ 2016ರಲ್ಲಿ 95ರಲ್ಲಿ ಹಿಂದಿಗೇ ಬೇರೆ ಸ್ಟೇಷನ್ ತೆರೆಯಿತು. ಎರಡನೇ ಅಂಗಡಿ ಇದ್ದವನಿಗೆ ಮಾತ್ರ ಬೇರೆ ಸರಕಿನ ಯೋಚನೆ ಬರುತ್ತದೆ.

ಯಂತ್ರ ಇಟ್ಟರೆ ಎಲ್ಲ ಸರಿಹೋಗುತ್ತಾ? ಅಮೆರಿಕದಲ್ಲಿ 2007ರಿಂದ ದೊಡ್ಡ ಊರುಗಳಲ್ಲಿ ಡೈರಿ ಬಿಟ್ಟು ಪೇಜರಿನಷ್ಟು ದೊಡ್ಡ ಮೀಟರ್ ತಂದರು. ಹಾಡಿನೊಳಗೆ ಬೆರೆಸಿದ, ನಮಗೆ ಕೇಳಿಸದ ಒಂದು ಗುರುತನ್ನು ಅದು ಹಿಡಿಯುತ್ತದೆ. ಡೈರಿ ಕಾಲದಲ್ಲಿ ಚೆನ್ನಾಗಿದ್ದ ‘ಸ್ಮೂತ್ ಜಾಝ್’ ಸ್ಟೇಷನ್‌ಗಳು ಮೀಟರ್ ಬಂದಮೇಲೆ ಒಂದೊಂದಾಗಿ ಮುಚ್ಚಿದವು. ಕಾರಣದ ಬಗ್ಗೆ ಇವತ್ತಿಗೂ ಜಗಳ ಇದೆ. ಮೆಲುದನಿಯ ಸಂಗೀತದಲ್ಲಿ ಆ ಗುರುತು ಸರಿಯಾಗಿ ಕೂರುವುದಿಲ್ಲ ಎಂದು ಕೆಲವರು. ಜನ ಪ್ರೀತಿಗೆ ಬರೆಯುತ್ತಿದ್ದರು, ನಿಜಕ್ಕೂ ಅಷ್ಟು ಕೇಳುತ್ತಿರಲಿಲ್ಲ ಎಂದು ಉಳಿದವರು. ಆ ಮೀಟರಿನ ಲೆಕ್ಕದಲ್ಲಿ, ಕಾಲು ಗಂಟೆಯಲ್ಲಿ ಐದು ನಿಮಿಷ ಕೇಳಿದರೆ ಪೂರ್ತಿ ಕಾಲು ಗಂಟೆ ಲೆಕ್ಕಕ್ಕೆ ಬರುತ್ತಿತ್ತು. 2025ರ ಜನವರಿಯಿಂದ ಅದನ್ನು ಮೂರು ನಿಮಿಷಕ್ಕೆ ಇಳಿಸಿದರು. ಯಾರೂ ಒಂದು ಹಾಡೂ ಜಾಸ್ತಿ ಕೇಳದೆಯೇ ಅಂಕಿ ಮೇಲೇರುತ್ತದೆ, ನೋಡಿ.

ರ್‍ಯಾಮ್ ನಡೆದದ್ದು ದೆಹಲಿ, ಮುಂಬೈ, ಕೋಲ್ಕತ್ತ, ಬೆಂಗಳೂರಿನಲ್ಲಿ. ಮಂಗಳೂರು, ಮೈಸೂರು, ಕಲಬುರಗಿಯ ಎಫ್‌ಎಂಗಳಿಗೆ ಈ ವಾರವಾರದ ಡೈರಿಯ ಕಾಟ ಇರಲಿಲ್ಲ. ಮಂಗಳೂರಿನ ಆರ್‌ಜೆಗಳು ಕನ್ನಡದ ನಡುವೆ ಸಲೀಸಾಗಿ ತುಳುವಿಗೆ ಜಾರುತ್ತಾರೆ. ವಾರವಾರ ಅಂಕಿ ಬರುತ್ತಿದ್ದರೆ ದೊಡ್ಡ ಆಫೀಸಿನವರು ಅದಕ್ಕೆ ಅಷ್ಟು ಸುಲಭವಾಗಿ ಬಿಡುತ್ತಿದ್ದರೋ ಇಲ್ಲವೋ, ನನಗಂತೂ ಅನುಮಾನ. ಅಂಥ ಊರಿನಲ್ಲಿ ಜಾಹೀರಾತು ಕೊಟ್ಟ ಜವಳಿ ಅಂಗಡಿಯವರಿಗೆ ಬೇಕಾಗಿದ್ದು ಒಂದೇ ಪ್ರಶ್ನೆ. ಬಿಲ್ ಹಾಕುವಾಗ ಕೇಳಿದರಾಯಿತು: “ನಮ್ಮ ಆಫರ್ ನಿಮಗೆ ಹೇಗೆ ಗೊತ್ತಾಯಿತು?”

ನಮಸ್ಕಾರ.