ಸ್ಟೇರಿಂಗ್ ಬಾಕ್ಸ್ ಸ್ಕ್ರೂ ಮುಟ್ಟೋ ಮುಂಚೆ

ನಮಸ್ಕಾರ.

ಹಳೇ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗೋ) ಗಾಡಿ ನೇರ ರಸ್ತೇಲಿ ನೇರ ಹೋಗಲ್ಲ, ಸ್ಟೇರಿಂಗ್‌ನ ಆ ಕಡೆ ಈ ಕಡೆ ತಿದ್ದುತ್ತಲೇ ಇರಬೇಕು ಅಂದ ತಕ್ಷಣ ಸಾಮಾನ್ಯವಾಗಿ ನಡೆಯೋದು ಎರಡೇ ಕೆಲಸ. ಒಂದು, ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗ್ ತಿರುಗಿಸಿದ್ದನ್ನ ಚಕ್ರದ ಕಡೆ ಸಾಗಿಸೋ ಗೇರ್ ಪೆಟ್ಟಿಗೆ) ಮೇಲಿರೋ ಸ್ಕ್ರೂನ ಅರ್ಧ ಸುತ್ತು ಬಿಗಿ ಮಾಡೋದು. ಇನ್ನೊಂದು, ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿಸೋದು. ಶುರುವಿನಲ್ಲೇ ಇವೆರಡನ್ನು ಮಾಡೋದು ತಪ್ಪು ಅಂತ ಖಡಾಖಂಡಿತವಾಗಿ ಹೇಳ್ತೀನಿ. ಆ ಸ್ಕ್ರೂ ಎಲ್ಲಾ ಆದ್ಮೇಲೆ ಮುಟ್ಟಬೇಕಾದ್ದು. ಡ್ಯಾಂಪರ್ ಇರೋದು ಕಲ್ಲು ಗುಂಡಿಯಿಂದ ಬರೋ ಹೊಡೆತ ಕೈಗೆ ತಾಗದ ಹಾಗೆ ತಡೆಯೋಕೆ. ಸವೆದ ಜಾಯಿಂಟ್ ಅಲ್ಲಾಡೋದನ್ನ ಅದು ಸ್ವಲ್ಪ ದಿನ ಮುಚ್ಚಿಡುತ್ತೆ, ಅಷ್ಟೇ. ಅಷ್ಟರಲ್ಲಿ ಆ ಜಾಯಿಂಟ್ ಇನ್ನಷ್ಟು ಸವೆದಿರುತ್ತೆ. ಬೇಕಿದ್ರೆ ಡ್ಯಾಂಪರ್ ಬಿಚ್ಚಿಟ್ಟು ನಿಧಾನಕ್ಕೆ ಓಡಿಸಿ ನೋಡಿ: ಗಾಡಿಯ ನಿಜವಾದ ಸ್ಥಿತಿ ಆಗ ಗೊತ್ತಾಗುತ್ತೆ.

ಮೊದಲು ದೂರು ಏನು ಅಂತ ಬಿಡಿಸಿಕೊಳ್ಳಿ. ಸ್ಟೇರಿಂಗ್ ತಿರುಗಿದ್ರೂ ಚಕ್ರ ತಿರುಗದೇ ಇದ್ರೆ ಅದು ಪ್ಲೇ, ಅಂದ್ರೆ ಎಲ್ಲೋ ಸಡಿಲ ಇದೆ. ಪ್ಲೇ ಇಲ್ಲ, ಆದ್ರೂ ಗಾಡಿ ಅಲೆಯುತ್ತೆ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಲ್ಲ ಅಂದ್ರೆ ಅದು ಚಕ್ರದ ಕೋನಗಳ ವಿಷಯ. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಎಳೆದ್ರೆ ಮುಂದೆ ಹುಡುಕೋದನ್ನ ಬಿಟ್ಟು ಹಿಂದಿನ ಆಕ್ಸಲ್ ಕಡೆ ಹೋಗಿ. ಈ ಮೂರನ್ನೂ ಒಟ್ಟಿಗೆ ಸೇರಿಸಿ "ಸ್ಟೇರಿಂಗ್ ಲೂಸ್" ಅನ್ನೋದ್ರಿಂದಲೇ ಬೇಡದ ಪಾರ್ಟ್‌ಗಳಿಗೆ ದುಡ್ಡು ಹೋಗೋದು.

ಕೆಳಗೆ ಮಲಗೋ ಮುಂಚೆ ಟೈರ್ ನೋಡಿಬಿಡಿ. ಮಣ್ಣಲ್ಲಿ ಓಡಿಸೋಕೆ ಗಾಳಿ ಇಳಿಸಿ ಮತ್ತೆ ತುಂಬಿಸೋದು ಮರೆತಿದ್ರೆ ಯಾವ ಗಾಡಿಯಾದ್ರೂ ಅಲೆಯುತ್ತೆ. ನಾಲ್ಕಕ್ಕೂ ಸರಿಯಾದ ಗಾಳಿ ಹಾಕಿ, ಮುಂದಿನ ಟೈರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ಓಡಿಸಿ. ಅಲೆದಾಟದ ರೀತಿ ಬದಲಾದ್ರೆ ತೊಂದರೆ ಟೈರ್‌ನಲ್ಲೇ ಇದೆ.

ಈಗ ಮುಖ್ಯ ಪರೀಕ್ಷೆ. ಇದಕ್ಕೆ ಇಬ್ಬರು ಬೇಕು, ಜಾಕ್ ಬೇಡ. ಚಕ್ರಗಳು ನೆಲದ ಮೇಲೇ ಇರಬೇಕು, ಯಾಕಂದ್ರೆ ಸ್ಟೇರಿಂಗ್ ರಾಡ್‌ಗಳ ಸವೆದ ಜಾಗ ಭಾರ ಬಿದ್ದಾಗಲೇ ಚೆನ್ನಾಗಿ ತನ್ನನ್ನ ತೋರಿಸಿಕೊಳ್ಳುತ್ತೆ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಟ್ಟೆ ಕೊಟ್ಟು, ಗೇರ್ ನ್ಯೂಟ್ರಲ್‌ಗೆ ಹಾಕಿ. ಪವರ್ ಸ್ಟೇರಿಂಗ್ ಇದ್ರೆ ಎಂಜಿನ್ ಓಡ್ತಾ ಇರಲಿ. ಒಬ್ಬರು ಒಳಗೆ ಕೂತು ಸ್ಟೇರಿಂಗ್‌ನ ಎಡಕ್ಕೆ ಬಲಕ್ಕೆ, ಚಕ್ರ ಇನ್ನೇನು ತಿರುಗಬೇಕು ಅನ್ನೋವರೆಗೆ ಮಾತ್ರ, ಬಿಡದೆ ಅಲ್ಲಾಡಿಸ್ತಾ ಇರಬೇಕು. ಇನ್ನೊಬ್ಬರು ಬಾನೆಟ್ ಕಡೆಯಿಂದಲೂ ಕೆಳಗಿನಿಂದಲೂ ಚಲನೆಯನ್ನ ಹಿಂಬಾಲಿಸಬೇಕು: ಎಲ್ಲಿವರೆಗೆ ಬರುತ್ತೆ, ಎಲ್ಲಿ ಕಳೆದುಹೋಗುತ್ತೆ ಅಂತ.

ಸ್ಟೇರಿಂಗ್ ತಿರುಗ್ತಿದೆ, ಬಾಕ್ಸ್ ಒಳಗೆ ಹೋಗೋ ಶಾಫ್ಟ್ ತಿರುಗ್ತಿಲ್ಲ ಅಂದ್ರೆ ಕಾಲಮ್‌ನ (ಸ್ಟೇರಿಂಗ್‌ನಿಂದ ಕೆಳಗಿಳಿಯೋ ಕಂಬಿ) ಕೆಳಗಿನ ಯು-ಜಾಯಿಂಟ್ ಇಲ್ಲವೇ ರಬ್ಬರ್ ಕಪ್ಲಿಂಗ್ ಸವೆದಿದೆ. ಎಕ್ಸಾಸ್ಟ್ ಬಿಸಿಗೆ ಆ ರಬ್ಬರ್ ಬೇಗ ಒಡೆಯುತ್ತೆ. ಶಾಫ್ಟ್ ತಿರುಗ್ತಿದೆ, ಪಿಟ್‌ಮನ್ ಆರ್ಮ್ (ಬಾಕ್ಸ್‌ನಿಂದ ಹೊರಬರೋ ತೋಳು) ಅಲ್ಲಾಡ್ತಿಲ್ಲ ಅಂದ್ರೆ ಮಾತ್ರ ಬಾಕ್ಸ್ ಮೇಲೆ ಅನುಮಾನ. ಬಾಕ್ಸ್ ಮೈಯೇ ಚಾಸಿ ಮೇಲೆ ಅಲ್ಲಾಡ್ತಿದ್ರೆ ಅಲ್ಲೇ ನಿಲ್ಲಿ. ಬೋಲ್ಟ್ ಸಡಿಲ ಇದ್ರೆ ಒಳ್ಳೇದು, ಬಿಗಿ ಮಾಡಿದ್ರೆ ಮುಗೀತು. ಆದ್ರೆ ಬೋಲ್ಟ್ ಸುತ್ತ ಚಾಸಿ ಕಬ್ಬಿಣ ಬಿರುಕು ಬಿಟ್ಟಿರೋದು ದೊಡ್ಡ ಟೈರ್ ಹಾಕಿದ ಗಾಡಿಗಳಲ್ಲಿ ಅಪರೂಪವೇನಲ್ಲ. ಮಣ್ಣು ಕೆರೆದು, ವೈರ್ ಬ್ರಷ್ ಹಾಕಿ, ಟಾರ್ಚ್ ಹಿಡಿದು ನೋಡಿ. ಬಣ್ಣದ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡ್ರೂ ಅದು ಬಿರುಕು ಅಂತಲೇ ಭಾವಿಸಿ. ಅದನ್ನ ವೆಲ್ಡ್ ಮಾಡಿ ಪ್ಲೇಟ್ ಕೊಟ್ಟು ಬಲಪಡಿಸೋವರೆಗೆ ಆ ಗಾಡಿ ರಸ್ತೆಗೆ ಇಳಿಸಬೇಡಿ.

ಮುಂದೆ ಡ್ರಾಗ್ ಲಿಂಕ್ (ಪಿಟ್‌ಮನ್ ಆರ್ಮ್‌ನಿಂದ ಚಕ್ರದ ಕಡೆ ಹೋಗೋ ರಾಡ್), ಟೈ ರಾಡ್ (ಮುಂದಿನ ಎರಡು ಚಕ್ರಗಳನ್ನ ಜೋಡಿಸೋ ರಾಡ್). ಕಣ್ಣನ್ನ ನಂಬಬೇಡಿ, ಬೆರಳನ್ನ ನಂಬಿ. ಜಾಯಿಂಟ್‌ನ ಎರಡೂ ಭಾಗಕ್ಕೆ ಒಟ್ಟಿಗೆ ತಾಗೋ ಹಾಗೆ ಬೆರಳಿಡಿ. ಒಂದು ಚಲಿಸಿ ಇನ್ನೊಂದು ತಡವಾಗಿ ಬಂದ್ರೆ ಟಕ್ ಅಂತ ಗೊತ್ತಾಗುತ್ತೆ. ಒಂದು ಎಚ್ಚರಿಕೆ: ಟೈ ರಾಡ್ ತನ್ನ ಉದ್ದದ ಸುತ್ತ ಸ್ವಲ್ಪ ಉರುಳೋದು ದೋಷ ಅಲ್ಲ. ಮೇಲೆ ಕೆಳಗೆ ಇಲ್ಲವೇ ಒಳಗೆ ಹೊರಗೆ ಸರಿದ್ರೆ ದೋಷ. ರಾಡ್ ತುದಿಯ ಬಾಲ್ ಜಾಯಿಂಟ್ (ಗುಂಡು ಕೂತು ತಿರುಗೋ ಕೀಲು) ಚೆನ್ನಾಗಿದ್ದು, ಅದರ ಟೇಪರ್ ಪಿನ್ ಕೂರೋ ತೂತು ಅಂಡಾಕಾರ ಆಗಿರಬಹುದು. ಆಗ ರಾಡ್ ತುದಿಗೆ ಹೊಸ ಜಾಯಿಂಟ್ ಹಾಕಿದ್ರೂ ಕೆಲವೇ ದಿನಕ್ಕೆ ಮತ್ತೆ ಸಡಿಲ. ತೂತು ಸರಿಪಡಿಸಬೇಕು, ಇಲ್ಲ ಆ ಆರ್ಮ್ ಬದಲಿಸಬೇಕು. ಹೊಸದು ಹಾಕುವಾಗ ಕ್ಯಾಸಲ್ ನಟ್‌ಗೆ (ತುದೀಲಿ ಸೀಳುಗಳಿರೋ ನಟ್) ಕಂಪನಿ ಹೇಳಿದ ಟಾರ್ಕ್, ಅಂದ್ರೆ ಬಿಗಿತ, ಕೊಡಿ. ನಟ್ ಬಿಚ್ಚದ ಹಾಗೆ ತಡೆಯೋ ಕಾಟರ್ ಪಿನ್‌ನ ತೂತು ಸೀಳಿಗೆ ಹೊಂದದಿದ್ರೆ ನಟ್ ಇನ್ನಷ್ಟು ಮುಂದಕ್ಕೆ ಬಿಗಿ ಮಾಡಿ, ಹಿಂದಕ್ಕೆ ಸಡಿಲಿಸಬೇಡಿ.

ಆಮೇಲೆ ಪ್ಯಾನ್‌ಹಾರ್ಡ್ ರಾಡ್. ಕಾಯಿಲ್ ಸ್ಪ್ರಿಂಗ್ ಇರೋ ಸಾಲಿಡ್ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್) ಗಾಡಿಗಳಲ್ಲಿ ಎಲ್ಲರ ಕಣ್ಣು ತಪ್ಪಿಸಿಕೊಳ್ಳೋದು ಇದೇ. ಬಾಡಿ ಕೆಳಗೆ ಆಕ್ಸಲ್ ಅಡ್ಡಕ್ಕೆ ಸರಿಯದ ಹಾಗೆ ಹಿಡಿದಿಡೋದು ಇದೊಂದೇ ರಾಡ್. ಇದರ ಬುಷ್ (ತುದೀಲಿರೋ ರಬ್ಬರ್ ಬಳೆ) ಹೋದ್ರೆ, ಅಥವಾ ಬೋಲ್ಟ್ ಸಡಿಲವಾಗಿ ಬ್ರಾಕೆಟ್ ತೂತು ದೊಡ್ಡದಾದ್ರೆ, ಸ್ಟೇರಿಂಗ್ ತಿರುಗಿಸಿದಾಗ ಚಕ್ರದ ಬದಲು ಆಕ್ಸಲ್ಲೇ ಮೊದಲು ಪಕ್ಕಕ್ಕೆ ಜರಗುತ್ತೆ. ಓಡಿಸೋರಿಗೆ ಇದು ಥೇಟ್ ಬಾಕ್ಸ್ ಪ್ಲೇ ಥರಾನೇ ಅನ್ನಿಸುತ್ತೆ. ಪರೀಕ್ಷೆ ವೇಳೆ ರಾಡ್ ತುದಿಗೂ ಬ್ರಾಕೆಟ್‌ಗೂ ಒಟ್ಟಿಗೆ ತಾಗೋ ಹಾಗೆ ಬೆರಳಿಡಿ. ಈ ಬುಷ್ ಬೋಲ್ಟ್ ಬಿಗಿ ಮಾಡೋದು ಗಾಡಿ ತನ್ನ ಭಾರದ ಮೇಲೆ ನೆಲದಲ್ಲಿ ನಿಂತಾಗ. ನೇತಾಡೋ ಸ್ಥಿತೀಲಿ ಬಿಗಿ ಮಾಡಿದ್ರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಪ್ರತಿ ಚಕ್ರವೂ ಬೇರೆಬೇರೆಯಾಗಿ ಏಳೋ ಇಳಿಯೋ ವ್ಯವಸ್ಥೆ) ಇರೋ ಗಾಡಿಯಾದ್ರೆ ಪ್ಯಾನ್‌ಹಾರ್ಡ್ ಇರಲ್ಲ. ಅಲ್ಲಿ ಐಡ್ಲರ್ ಆರ್ಮ್ (ಪಿಟ್‌ಮನ್ ಆರ್ಮ್‌ನ ಎದುರು ಬದಿಯಲ್ಲಿ ರಾಡ್‌ಗಳನ್ನ ಹಿಡಿಯೋ ತೋಳು) ಮತ್ತು ಕಂಟ್ರೋಲ್ ಆರ್ಮ್ (ಚಕ್ರವನ್ನ ಚಾಸಿಗೆ ಜೋಡಿಸೋ ತೋಳು) ಬುಷ್‌ಗಳನ್ನ ನೋಡಬೇಕು. ಬಾಕ್ಸ್ ಬದಲು ರ್‍ಯಾಕ್ (ಹಲ್ಲಿನ ಸರಳು ಅಡ್ಡಕ್ಕೆ ಸರಿಯೋ ಸ್ಟೇರಿಂಗ್) ಇದ್ರೆ ಐಡ್ಲರ್ ಬದಲು ರ್‍ಯಾಕ್ ಹಿಡಿದಿರೋ ಬುಷ್‌ಗಳು.

ಇಷ್ಟಾದ ಮೇಲೆ ಜಾಕ್. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು, ಟೈರ್‌ನ ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಟ ಇದ್ರೆ ವೀಲ್ ಬೇರಿಂಗ್, ಇಲ್ಲ ಚಕ್ರದ ಬಾಲ್ ಜಾಯಿಂಟ್, ಇಲ್ಲ ಕಿಂಗ್ ಪಿನ್ (ಚಕ್ರ ಎಡ ಬಲಕ್ಕೆ ಹೊರಳೋ ಗೂಟ). ಯಾವುದು ಅಂತ ತಿಳಿಯೋಕೆ ಒಳಗಿರೋರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ. ಡಿಸ್ಕ್ ಬ್ರೇಕ್, ಹಬ್ (ಚಕ್ರ ಕೂರೋ ಭಾಗ) ಮತ್ತು ಸ್ಟೇರಿಂಗ್ ನಕಲ್ (ಹಬ್ಬನ್ನ ಹೊತ್ತು ಎಡ ಬಲಕ್ಕೆ ಹೊರಳೋ ಭಾಗ) ಎರಡನ್ನೂ ಒಂದಾಗಿ ಹಿಡಿಯೋದ್ರಿಂದ, ಆಟ ನಿಂತುಹೋದ್ರೆ ತಪ್ಪು ಬೇರಿಂಗ್‌ದು. ಹಾಗೇ ಉಳಿದ್ರೆ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್. ಟೈರ್ ಕೆಳಗೆ ಹಾರೆ ಕೊಟ್ಟು ಮೀಟಿದ್ರೆ ಬಾಲ್ ಜಾಯಿಂಟ್‌ನ ಮೇಲೆ ಕೆಳಗಿನ ಸಡಿಲವೂ ಗೊತ್ತಾಗುತ್ತೆ. ಮುಚ್ಚಿದ ಗೋಳದ ನಕಲ್ ಇರೋ ಗಾಡಿಗಳಲ್ಲಿ ಸೀಲ್ ಹರಿದು ಕೆಸರು ನೀರು ಒಳಹೋಗಿ ಕಿಂಗ್ ಪಿನ್ ಬೇರಿಂಗ್ ತುಕ್ಕು ಹಿಡಿಯುತ್ತೆ. ಅದಕ್ಕೆ ಶಿಮ್ (ಸಂದಿಗೆ ಹಾಕೋ ತೆಳು ತಗಡು) ತೆಗೆದು ಬಿಗಿ ಮಾಡೋದು ಪರಿಹಾರ ಅಲ್ಲ, ಬೇರಿಂಗ್‌ನೇ ಬದಲಿಸಿ.

ಎಲ್ಲಾ ಬಿಗಿಯಿದ್ದೂ ಗಾಡಿ ಅಲೆದ್ರೆ ಮೊದಲು ಕ್ಯಾಸ್ಟರ್ ಕೋನ, ಅಂದ್ರೆ ಚಕ್ರ ಎಡ ಬಲಕ್ಕೆ ಹೊರಳೋ ಅಕ್ಷ ಪಕ್ಕದಿಂದ ನೋಡಿದಾಗ ಹಿಂದಕ್ಕೆ ವಾಲಿರೋ ಕೋನ. ಹಳೇ ಮಾಲೀಕರು ಸ್ಪ್ರಿಂಗ್ ಎತ್ತರಿಸಿ ಕ್ಯಾಸ್ಟರ್ ಸರಿಪಡಿಸದೇ ಬಿಟ್ಟಿರೋ ಗಾಡಿಗಳು ಬೇಕಾದಷ್ಟಿವೆ. ರೇಡಿಯಸ್ ಆರ್ಮ್ (ಆಕ್ಸಲ್‌ನಿಂದ ಹಿಂದಕ್ಕೆ ಚಾಸಿಗೆ ಹೋಗೋ ತೋಳು) ಇರೋ ಮುಂದಿನ ಆಕ್ಸಲ್, ಲಿಫ್ಟ್ ಮಾಡಿದಾಗ ಮುಂದಕ್ಕೆ ಉರುಳುತ್ತೆ. ಸ್ಥೂಲವಾಗಿ ಒಂದು ಇಂಚು ಎತ್ತರಿಸಿದ್ರೆ ಒಂದು ಡಿಗ್ರಿ ಆಸುಪಾಸು ಕ್ಯಾಸ್ಟರ್ ಕಳೆದುಹೋಗುತ್ತೆ. ಚಕ್ರ ತಾನಾಗಿ ನೇರಕ್ಕೆ ಮರಳೋ ಗುಣ ಬರೋದು ಬಹುಪಾಲು ಆ ಕೋನದಿಂದಲೇ. ಕ್ಯಾಸ್ಟರ್ ಬುಷ್ ಅಥವಾ ಪ್ಲೇಟ್ ಹಾಕಿ ಅದನ್ನ ವಾಪಸ್ ತರಬೇಕು. ಲಿಫ್ಟ್ ಕಿಟ್‌ಗೆ ದುಡ್ಡು ಸುರಿದು ಇದರ ಖರ್ಚು ಉಳಿಸೋಕೆ ಹೋಗೋದು ನನಗೆ ಒಪ್ಪಿಗೆಯಿಲ್ಲ. ಎತ್ತರ ಮಾಡಿದವರು ಈ ಕೆಲಸವನ್ನೂ ಮುಗಿಸಲೇಬೇಕು. ಲಿಫ್ಟ್ ಆದ ಗಾಡೀಲಿ ಡ್ರಾಗ್ ಲಿಂಕ್ ಮತ್ತು ಪ್ಯಾನ್‌ಹಾರ್ಡ್ ರಾಡ್ ಮುಂದಿನಿಂದ ನೋಡಿದಾಗ ಸಮಾನಾಂತರ ಇದೆಯಾ ಅಂತಲೂ ನೋಡಿ. ಇಲ್ಲದಿದ್ರೆ ಪ್ರತಿ ಉಬ್ಬಿಗೂ ಸ್ಟೇರಿಂಗ್ ತಾನೇ ತಿರುಗುತ್ತೆ.

ಇನ್ನು ಟೋ, ಅಂದ್ರೆ ಮೇಲಿನಿಂದ ನೋಡಿದಾಗ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರೋದು. ಅದನ್ನ ಅಳೆಯೋಕೆ ಟೇಪ್ ಸಾಕು. ಮುಂದಿನ ಎರಡೂ ಟೈರ್‌ಗಳ ಮಧ್ಯದಲ್ಲಿ ಗೆರೆ ಎಳೆದು, ಆ ಗೆರೆಗಳ ನಡುವಿನ ದೂರವನ್ನ ಚಕ್ರದ ನಡುಮಟ್ಟಕ್ಕೆ ಟೈರ್‌ನ ಮುಂಬದಿ ಒಮ್ಮೆ ಹಿಂಬದಿ ಒಮ್ಮೆ ಅಳೆಯಿರಿ. ಬಹಳಷ್ಟು ಸಾಲಿಡ್ ಆಕ್ಸಲ್ ಗಾಡಿಗಳಿಗೆ ಮುಂದಿನ ಅಳತೆ 1ರಿಂದ 3 ಮಿ.ಮೀ. ಕಡಿಮೆ ಇರಬೇಕು. ಮುಂದಿನದೇ ಹೆಚ್ಚಿದ್ರೆ ಅಂಥ ಗಾಡಿ ಅಲೆಯಬಹುದು. ಅಳತೆ ತಪ್ಪಿದ್ರೆ, ಕಲ್ಲಿಗೆ ಹೊಡೆದು ಟೈ ರಾಡ್ ಬಗ್ಗಿರಬಹುದು.

ಹಿಂದಿನ ಆಕ್ಸಲ್‌ನಲ್ಲಿ ಲೀಫ್ (ಪಟ್ಟಿ) ಸ್ಪ್ರಿಂಗ್ ಇದ್ರೆ ಅದರ ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನ ಚಾಸಿಗೆ ಸೇರಿಸೋ ಕೊಂಡಿ) ಬುಷ್, ಸ್ಪ್ರಿಂಗನ್ನ ಆಕ್ಸಲ್‌ಗೆ ಬಿಗಿಯೋ ಯು-ಬೋಲ್ಟ್, ಪಟ್ಟಿಗಳ ನಡುವಿನ ಸೆಂಟರ್ ಬೋಲ್ಟ್ ನೋಡಿ; ಕಾಯಿಲ್ ಇದ್ರೆ ಟ್ರೇಲಿಂಗ್ ಆರ್ಮ್ (ಆಕ್ಸಲ್ಲನ್ನ ಚಾಸಿಗೆ ಹಿಡಿದಿಡೋ ಉದ್ದದ ತೋಳು) ಬುಷ್. ಇವು ಹೋದ್ರೆ ಹಿಂದಿನ ಆಕ್ಸಲ್ ತಾನೇ ಗಾಡಿಯನ್ನ ತಿರುಗಿಸುತ್ತೆ.

ಇಷ್ಟೂ ಮುಗಿದ ಮೇಲೂ ಶಾಫ್ಟ್‌ಗೂ ಪಿಟ್‌ಮನ್ ಆರ್ಮ್‌ಗೂ ನಡುವೆ ಪ್ಲೇ ಉಳಿದಿದ್ರೆ, ಈಗ ಬಾಕ್ಸ್. ಈ ಬಾಕ್ಸ್‌ನ ಗೇರ್‌ಗಳು ನಟ್ಟನಡುವೆ ಅತಿ ಬಿಗಿ ಇರೋ ಹಾಗೆ ಮಾಡಿರ್ತಾರೆ. ಹಾಗಾಗಿ ಮೊದಲು ಡ್ರಾಗ್ ಲಿಂಕ್ ಬಿಚ್ಚಿ, ಸ್ಟೇರಿಂಗ್‌ನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಷ್ಟು ಸುತ್ತು ಅಂತ ಎಣಿಸಿ, ಅದರ ಅರ್ಧಕ್ಕೆ ನಿಲ್ಲಿಸಿ. ಅದು ಬಾಕ್ಸ್‌ನ ನಿಜವಾದ ನಡು. ಚಕ್ರ ನೇರ ಇದ್ದಾಗ ಬಾಕ್ಸ್ ಅಲ್ಲಿ ಇರದಿದ್ರೆ, ಡ್ರಾಗ್ ಲಿಂಕ್ ಉದ್ದ ಹೊಂದಿಸಿದ್ರೇ ಪ್ಲೇ ಹೋಗಿಬಿಡಬಹುದು. ಆಮೇಲೂ ಉಳಿದ್ರೆ ಲಾಕ್ ನಟ್ ಸಡಿಲಿಸಿ, ಸ್ಕ್ರೂನ ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ ಮಾತ್ರ ತಿರುಗಿಸಿ, ಸ್ಕ್ರೂ ಹಾಗೇ ಹಿಡಿದು ನಟ್ ಬಿಗಿ ಮಾಡಿ, ಓಡಿಸಿ ನೋಡಿ. ತಿರುವಿನಿಂದ ಸ್ಟೇರಿಂಗ್ ನಡುವಿಗೆ ಬಂದು ಅಲ್ಲೇ ಕಚ್ಚಿಕೊಂಡ್ರೆ ಬಿಗಿ ಜಾಸ್ತಿಯಾಗಿದೆ, ಹಿಂದಕ್ಕೆ ಬಿಡಿ. ನಡುವಿನಲ್ಲಿ ಪ್ಲೇ ಹೋಗೋಷ್ಟು ಬಿಗಿ ಮಾಡಿದ ಕೂಡಲೇ ಕಚ್ಚಿಕೊಳ್ಳೋಕೆ ಶುರುವಾದ್ರೆ ಒಳಗಿನ ಗೇರ್ ಸವೆದಿದೆ; ಆ ಬಾಕ್ಸ್‌ಗೆ ರಿಪೇರಿ ಕಿಟ್‌ನ ಸೀಲ್ ಬದಲಿಸಿ ಪ್ರಯೋಜನ ಇಲ್ಲ, ಬೇರೆ ಬಾಕ್ಸೇ ಬೇಕು.