ಗುಲ್ಮಾರ್ಗದ ಬೂಟು, ಕಾರವಾರದ ಕಾಲು

ಮೊದಲು ಈ ಉಗುರು ನೋಡಿ. ಬಲಗಾಲಿನ ಹೆಬ್ಬೆರಳು. ಕ್ಯಾಮೆರಾ ಇನ್ನೂ ಸ್ವಲ್ಪ ಹತ್ತಿರ ತರುತ್ತೇನೆ. ಊಟ ಮಾಡುತ್ತಾ ನೋಡುತ್ತಿರುವವರು ಒಂದು ನಿಮಿಷ ಆಚೆ ತಿರುಗಿ. ಬುಡದಿಂದ ಅರ್ಧಕ್ಕಿಂತ ಜಾಸ್ತಿ ಹೊಸ ಉಗುರು ಬಂದಿದೆ, ತೆಳ್ಳಗೆ, ಸ್ವಲ್ಪ ಏರುತಗ್ಗಾಗಿ. ಅದರ ಮುಂದೆ ಬರೀ ಚರ್ಮ. ಜನವರಿಯಲ್ಲಿ ಇದು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಕಳಚಿ ಕೈಗೇ ಬಂತು. ಈಗ ಅಕ್ಟೋಬರ್.

ನಾನು ನಿಂತಿರುವುದು ಕಾರವಾರದ ಟ್ಯಾಗೋರ್ ಬೀಚಿನಲ್ಲಿ. ಆ ಕಡೆ ಕಾಣುತ್ತಿರುವುದು ಐಎನ್‌ಎಸ್ ಚಾಪಲ್, ಯುದ್ಧನೌಕೆ ಮ್ಯೂಸಿಯಂ. ಇಲ್ಲಿ ಡಿಸೆಂಬರಿನಲ್ಲೂ ಫ್ಯಾನು ಹಾಕಿಕೊಂಡೇ ಮಲಗುತ್ತೇವೆ. ಸ್ಕೀ ಅಂದರೆ ಬೂಟಿನಡಿ ಉದ್ದನೆಯ ಹಲಗೆ ಸಿಕ್ಕಿಸಿಕೊಂಡು ಹಿಮದ ಮೇಲೆ ಜಾರುವುದು, ಆ ಹಲಗೆಯ ಹೆಸರೂ ಸ್ಕೀ. ಇಂಥ ಊರಿನವನು ಸ್ಕೀ ಬೂಟಿನಿಂದ ಉಗುರು ಕಳೆದುಕೊಂಡೆ ಅಂದರೆ ಮೀನು ಮಾರ್ಕೆಟ್ಟಿನಲ್ಲಿ ನಗುತ್ತಾರೆ. ನಕ್ಕಿದ್ದಾರೆ ಕೂಡ.

ಈಗ ಬರುವ ಕ್ಲಿಪ್ಪು ಕಾಶ್ಮೀರದ ಗುಲ್ಮಾರ್ಗದ್ದು. ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರ. ನಮ್ಮ ಮನೆ ಸಮುದ್ರಮಟ್ಟದಿಂದ ಮೂರು ಮೆಟ್ಟಿಲು ಎತ್ತರ. ಬೇಸಿಗೆಯಲ್ಲಿ ಗಾಲ್ಫ್ ಆಡುವ ಮೈದಾನವೇ ಚಳಿಗಾಲದಲ್ಲಿ ನನ್ನಂಥ ಹೊಸಬರು ಬಿದ್ದೇಳುವ ಜಾಗ. ಹಿಂದೆ ಗೊಂಡೋಲಾ, ಅಂದರೆ ತಂತಿ ಮೇಲಿನ ಕೇಬಲ್ ಕಾರು ಹೋಗುತ್ತಿದೆಯಲ್ಲ, ಅದರಲ್ಲಿ ಅಫರ್ವಾಟ್ ಬೆಟ್ಟದ ಹತ್ತಿರದವರೆಗೂ ಹೋಗಬಹುದು. ನಾನು ಹೋಗಲಿಲ್ಲ. ಕಾಲು ಬಿಡಲಿಲ್ಲ.

ಕಥೆ ಶುರುವಾಗಿದ್ದು ಬೂಟು ಬಾಡಿಗೆಗೆ ಕೊಡುವ ಒಂದು ಅಂಗಡಿಯಲ್ಲಿ. ಹೆಸರು ಬೇಡ, ಬಿಡಿ. ಅಂಗಡಿಯವನು ಕೇಳಿದ್ದು ಒಂದೇ ಪ್ರಶ್ನೆ, ಶೂ ನಂಬರ್ ಎಷ್ಟು? ಎಂಟು ಅಂದೆ. ಗೋಡೆಯ ಸಾಲಿನಿಂದ ಒಂದು ಜೊತೆ ಎಳೆದು ಮುಂದಿಟ್ಟ.

ಸ್ಕೀ ಬೂಟು ನೋಡದವರಿಗೆ ಹೇಳುತ್ತೇನೆ. ಹೊರಗೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪು. ಒಳಗೆ ಮೆತ್ತನೆಯ ಇನ್ನೊಂದು ಬೂಟು, ಅದಕ್ಕೆ ಲೈನರ್ ಅಂತಾರೆ. ಮುಂದೆ ನಾಲ್ಕು ಬಕಲ್. ಎರಡು ಪಾದದ ಮೇಲೆ, ಎರಡು ಮೊಳಕಾಲಿನ ಕೆಳಗೆ, ಕಾಲಿನ ಮುಂಭಾಗದಲ್ಲಿ. ಹಾಕಿಕೊಂಡು ನಡೆದರೆ ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬಂದ ಹಾಗೆ, ಧಡ್, ಧಡ್. ಕಣಕಾಲು ಮಡಚುವ ಮಾತೇ ಇಲ್ಲ.

ಮೊದಲ ಜೊತೆ ಹಾಕಿ ನೇರ ನಿಂತೆ. ಬೆರಳಿನ ತುದಿ ಮುಂದೆ ತಾಗಿತು. ಚಿಕ್ಕದಾಯ್ತು ಅಂದೆ. ದೊಡ್ಡದು ಕೊಟ್ಟ. ಆಹಾ! ಬೆರಳು ಆಡಿಸಬಹುದು, ಎಲ್ಲೂ ಒತ್ತುವುದಿಲ್ಲ. ಚಳಿಗೆ ಅಂತ ಎರಡೆರಡು ಉಣ್ಣೆ ಸಾಕ್ಸ್ ಬೇರೆ ಹಾಕಿದ್ದೆ, ಅದಕ್ಕೂ ಜಾಗ ಆಯ್ತು. ಚಪ್ಪಲಿ ಅಂಗಡಿಯಲ್ಲಿ ನಾವು ಕಲಿತದ್ದು ಇದೇ ಅಲ್ವಾ? ಒತ್ತಿದರೆ ಒಂದು ನಂಬರ್ ಮೇಲೆ ಹೋಗು. ಮಕ್ಕಳಿಗಾದರೆ ಎರಡು ನಂಬರ್, ಮುಂದಿನ ವರ್ಷಕ್ಕೂ ಆಗಲಿ ಅಂತ.

ಇಳಿಜಾರಿನಲ್ಲಿ ಹತ್ತು ನಿಮಿಷ ಆಗಿರಬಹುದು. ನಿಲ್ಲಲು ನೋಡಿದಾಗೆಲ್ಲ ಪಾದ ಒಳಗೇ ಮುಂದಕ್ಕೆ ಜಾರಿ ಹೆಬ್ಬೆರಳು ಚಿಪ್ಪಿಗೆ ಗುದ್ದುತ್ತಿತ್ತು. ಒಂದೊಂದು ಗುದ್ದು ಸಣ್ಣದೇ. ಆದರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಲೆಕ್ಕ ಹಾಕಿ. ಜಾರುತ್ತಿದೆ ಅಂತ ಬಕಲ್ ಬಿಗಿ ಮಾಡಿದೆ. ಇನ್ನೂ ಒಂದು ಹಲ್ಲು ಬಿಗಿ ಮಾಡಿದೆ. ಆಗ ಪಾದದ ಮೇಲ್ಭಾಗ ಒತ್ತಿ, ಬೆರಳುಗಳು ಜೋಮು ಹಿಡಿದವು. ಪಾದದ ಮೇಲೆ ಚರ್ಮದ ಕೆಳಗೇ ನರಗಳು ಹಾದು ಹೋಗುತ್ತವೆ. ಒತ್ತಿದರೆ ಜೋಮು ಹಿಡಿಯುತ್ತದೆ, ರಕ್ತ ಓಡಾಟ ಕಡಿಮೆಯಾದರೆ ಚಳಿಯೂ ಜಾಸ್ತಿ. ಜೋಮಿಗೆ ಹೆದರಿ ಸಡಿಲ ಮಾಡಿದರೆ ಮತ್ತೆ ಗುದ್ದು. ಅಂಗಾಲು ಬೇರೆ ಹಿಡಿದುಕೊಂಡಿತು. ಯಾಕೆಂದರೆ ಜಾರಬಾರದು ಅಂತ ನನಗೆ ಗೊತ್ತಿಲ್ಲದೆಯೇ ಬೆರಳುಗಳನ್ನು ಮುದುಡಿ ನೆಲ ಹಿಡಿಯುತ್ತಿದ್ದೆ. ಈ ಕ್ಲಿಪ್ಪಿನಲ್ಲಿ ನಾನು ನಗುತ್ತಿದ್ದೇನೆ ಅಂದುಕೊಳ್ಳಬೇಡಿ. ಅದು ನಗುವಲ್ಲ.

ಮಧ್ಯಾಹ್ನ ನಮಗೆ ಕಲಿಸುತ್ತಿದ್ದ ಕಾಶ್ಮೀರಿ ಅಣ್ಣ ನನ್ನ ಬೂಟು ಬಿಚ್ಚಿಸಿದರು. ಮಾತಿಲ್ಲ, ಕಥೆಯಿಲ್ಲ. ಲೈನರ್ ಎಳೆದು ಹೊರಗಿಟ್ಟರು. ಬರೀ ಚಿಪ್ಪಿನಲ್ಲಿ ಕಾಲಿಡು, ಬೆರಳು ಮುಂದೆ ತಾಗಿಸು ಅಂದರು. ಆಮೇಲೆ ನನ್ನ ಹಿಮ್ಮಡಿಯ ಹಿಂದೆ ತಮ್ಮ ಕೈ ಇಳಿಸಿದರು. ಆ ಸಂದಿಯಲ್ಲಿ ಒಂದೂವರೆ ಬೆರಳು ಹಿಡಿಯಬೇಕಂತೆ, ಅಂದರೆ 15ರಿಂದ 20 ಮಿಲಿಮೀಟರ್. ನನ್ನದರಲ್ಲಿ ಮೂರು ಬೆರಳು ಆರಾಮಾಗಿ ಹೋದವು. ಮೂರೂ ಬೆರಳು ಮೇಲೆತ್ತಿ ತೋರಿಸಿದರು, ಕ್ರಿಕೆಟ್ ಅಂಪೈರ್ ಹಾಗೆ. ಔಟ್.

ಬೂಟು ನೋಯಿಸಿದ್ದು ಚಿಕ್ಕದಾಗಿದ್ದಕ್ಕೆ ಅಲ್ಲ, ದೊಡ್ಡದಾಗಿದ್ದಕ್ಕೆ. ಇದು ತಲೆಗೆ ಹೋಗಲು ನನಗೆ ಅರ್ಧ ದಿನ ಬೇಕಾಯಿತು. ಸರಿಯಾದ ಬೂಟಿನಲ್ಲಿ ನೇರ ನಿಂತರೆ ಬೆರಳು ಮುಂದೆ ತಾಗಲೇಬೇಕು. ಮಂಡಿ ಮುಂದಕ್ಕೆ ಬಾಗಿಸಿದಾಗ ಹಿಮ್ಮಡಿ ಹಿಂದಕ್ಕೆ ಸರಿದು ಬೆರಳು ಬಿಡಿಸಿಕೊಳ್ಳುತ್ತದೆ. ಸ್ಕೀ ಮಾಡುವುದೇ ಮಂಡಿ ಬಾಗಿಸಿ. ಅಂಗಡಿಯಲ್ಲಿ ನಾನು ನಿಂತಿದ್ದು ರಾಷ್ಟ್ರಗೀತೆಗೆ ನಿಂತ ಹಾಗೆ.

ಇನ್ನೊಂದು ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಶೂ ನಂಬರ್ ಕೇಳಲೇ ಇಲ್ಲ, ಪಾದ ಅಳೆದರು. ಸ್ಕೀ ಬೂಟಿನ ಅಳತೆಗೆ ಮಾಂಡೋಪಾಯಿಂಟ್ ಅಂತಾರೆ. ಹೆಸರು ದೊಡ್ಡದು, ಸಂಗತಿ ಸಣ್ಣದು. ಪಾದದ ಉದ್ದ ಎಷ್ಟು ಸೆಂಟಿಮೀಟರ್ ಇದೆಯೋ ಅದೇ ನಂಬರ್. ನನ್ನದು 26ರ ಹತ್ತಿರ. ನಾನು ಬೆಳಗಿನಿಂದ ಎಳೆದಾಡಿದ್ದು 28.5. ಬೂಟಿನ ಹಿಮ್ಮಡಿಯ ಹತ್ತಿರ 305, 315 ಅಂತೆಲ್ಲ ಕೆತ್ತಿರುತ್ತದೆ. ಅದು ಕಾಲಿನ ಅಳತೆಯಲ್ಲ, ಚಿಪ್ಪಿನ ತಳದ ಉದ್ದ. ಬೂಟು ಬದಲಾಯಿಸಿದರೆ ಆ ನಂಬರ್ ನೋಡಿ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗನ್ನೂ ಮತ್ತೆ ಹೊಂದಿಸಬೇಕು. ಅಲ್ಲಿಯ ಹುಡುಗ ಸ್ಕ್ರೂಡ್ರೈವರ್ ಹಿಡಿದು ಎರಡೇ ನಿಮಿಷದಲ್ಲಿ ಮಾಡಿಕೊಟ್ಟ. ಇದನ್ನು ಮಾತ್ರ ಬಿಡಬೇಡಿ. ಬೀಳುವಾಗ ಬೂಟು ಸ್ಕೀಯಿಂದ ಬಿಟ್ಟುಕೊಳ್ಳದಿದ್ದರೆ ಹೋಗುವುದು ಉಗುರಲ್ಲ, ಮಂಡಿ.

ಎರಡನೇ ಸಾಕ್ಸ್ ಬಿಚ್ಚಿಸಿದರು. ಒಂದೇ ಸಾಕ್ಸ್, ತೆಳ್ಳಗಿನದು, ಉದ್ದದ್ದು, ಒಂದು ಸುಕ್ಕೂ ಇರಬಾರದು. ಥರ್ಮಲ್ ಪ್ಯಾಂಟಿನ ತುದಿಯನ್ನು ನಾನು ಬೂಟಿನೊಳಗೆ ತುರುಕಿದ್ದೆ. ಅದರ ಹೊಲಿಗೆಯ ಗುರುತು ಕಾಲಿನ ಮೇಲೆ ಕೆಂಪಗೆ, ಹಗ್ಗ ಕಟ್ಟಿದ ಹಾಗೆ ಮೂಡಿತ್ತು. ಅದನ್ನು ಮೇಲಕ್ಕೆ ಎಳೆದಾಯಿತು. ಆಮೇಲೆ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದೆ ಕೂರಿಸುವುದು. ಮಂಡಿ ಬಾಗಿಸಿ ಮೊದಲು ಮೇಲಿನ ಬಕಲ್‌ಗಳು, ಅದರ ಮೇಲಿನ ಪಟ್ಟಿ. ಬೆರಳಿನ ಕಡೆಯವು ಕೊನೆಗೆ, ಬಿಚ್ಚಿಕೊಳ್ಳದಿದ್ದರೆ ಸಾಕು ಅನ್ನುವಷ್ಟೇ. ನಾನು ಮಾಡಿದ್ದು ಪೂರ್ತಿ ತಿರುಗಾಮುರುಗ.

ಉಳಿದ ಮೂರು ದಿನ ಚೆನ್ನಾಗಿ ಹೋದವು. ಅಂಚಿನಲ್ಲಿ ಸ್ವಲ್ಪ ಒತ್ತುತ್ತಿತ್ತು, ಕಿರುಬೆರಳಿನ ಕಡೆ. ಅದರ ವಿಷಯ ಆಮೇಲೆ. ಉಗುರು ಮಾತ್ರ ಮೊದಲ ದಿನವೇ ಹೋಗಿತ್ತು.

ಕಾರವಾರಕ್ಕೆ ಬಂದು ಡಾಕ್ಟರಿಗೆ ತೋರಿಸಿದೆ. ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿದೆ ಅಂದರು. ಒಂದೆರಡು ದಿನದೊಳಗೆ ಬಂದಿದ್ದರೆ ಉಗುರಿಗೆ ಸಣ್ಣ ತೂತು ಮಾಡಿ ರಕ್ತ ಬಿಡಬಹುದಿತ್ತು, ನೋವು ಆಗಲೇ ಇಳಿಯುತ್ತಿತ್ತು. ಈಗ ಮುಟ್ಟಬೇಡ, ಅದಾಗಿ ಬೀಳಲಿ. ಮನೆಯಲ್ಲಿ ಪಿನ್ ಕಾಯಿಸಿ ಚುಚ್ಚುವ ಸಾಹಸ ಬೇಡ. ಹೆಬ್ಬೆರಳಿನ ಉಗುರು ಪೂರ್ತಿ ಬರಲು 12ರಿಂದ 18 ತಿಂಗಳು. ಕೀವು ಬಂದರೆ, ಬಾವು ಹೆಚ್ಚಿದರೆ ಕೂಡಲೇ ಬಾ. ಸಕ್ಕರೆ ಕಾಯಿಲೆ ಇರುವವರಂತೂ ಕಾಯಲೇಬಾರದು.

ಫೆಬ್ರವರಿಯಲ್ಲಿ ಶಿರಸಿ ಕಡೆ ಅಮ್ಮಮ್ಮನ ಮನೆಗೆ ಹೋದೆ. ಇದು ದೇವಿಮನೆ ಘಟ್ಟ. ಡ್ರೈವ್ ಮಾಡುತ್ತಿರುವುದು ಗೆಳೆಯ, ನನ್ನ ಹೆಬ್ಬೆರಳಿಗೆ ಬ್ರೇಕ್ ತುಳಿಯುವ ಧೈರ್ಯ ಇರಲಿಲ್ಲ. ಅಮ್ಮಮ್ಮ ಜಗುಲಿಯಲ್ಲಿ ಕೂತು ಅಡಿಕೆ ಆರಿಸುತ್ತಿದ್ದರು. ಕಾಲು ನೋಡಿದರು.

"ಎಂತಾ ಆತಾ ತಮಾ ಬೆರಳಿಗೆ?"

ಎಲ್ಲ ಹೇಳಿದೆ. ಹಿಮ, ಬೂಟು, ಬಾಡಿಗೆ.

"ಜಾರಲೆ ಅಷ್ಟು ದೂರ ಹೋಗಿದ್ಯನಾ? ಮಳೆಗಾಲದಲ್ಲಿ ನಮ್ಮನೆ ಅಂಗಳನೇ ಸಾಕಾಗಿತ್ತಲಾ!"

ನಿಜ. ಜುಲೈನಲ್ಲಿ ಆ ಅಂಗಳದ ಪಾಚಿ ಮೇಲೆ ಅಡಿಕೆ ದಬ್ಬೆ ಹಾಸದೆ ಬಚ್ಚಲಿಗೂ ಹೋಗುವಂತಿಲ್ಲ. ಟಿಕೆಟ್ ಬೇಡ, ಬೂಟೂ ಬೇಡ.

ಆ ದಿನ ತೋಟದಲ್ಲಿ ಅಡಿಕೆ ಗೊನೆ ಕೊಯ್ಲು ನಡೆಯುತ್ತಿತ್ತು. ಮರ ಹತ್ತುವ ಅಣ್ಣ ಎರಡು ಪಾದಕ್ಕೂ ಸೇರಿಸಿ ಹಗ್ಗದ ಬಳೆ ಹಾಕಿಕೊಂಡು, ಮೊದಲು ಒಂದೇ ಅಡಿ ಮೇಲೆ ಹತ್ತಿ ನೋಡಿದರು. ಇಳಿದರು. ಹಗ್ಗ ಸ್ವಲ್ಪ ಗಿಡ್ಡ ಮಾಡಿದರು. ಮತ್ತೆ ಒಂದಡಿ. ಸಡಿಲ ಇದ್ರೆ ಕಾಲು ಉಳಿಯಲ್ಲ ಅಂದರು, ನಾನು ಕೇಳದಿದ್ದರೂ. ನಾನು ಕಾಶ್ಮೀರಕ್ಕೆ ಹೋಗಿ ದುಡ್ಡು ಕೊಟ್ಟು ಕಲಿತದ್ದು ಇವರಿಗೆ ದಿನಾ ಬೆಳಗಿನ ಕೆಲಸ.

ಈಗ ಕಿರುಬೆರಳಿನ ವಿಷಯ. ಕಾಲು ತೊಳೆದು ನಾನೂ ಅಮ್ಮಮ್ಮನೂ ಕೆಂಪು ಗಾರೆ ನೆಲದ ಮೇಲೆ ನಿಂತೆವು. ಇದೇ ಆ ಎರಡು ಒದ್ದೆ ಹೆಜ್ಜೆ, ಒಣಗುವ ಮೊದಲು ನೋಡಿಬಿಡಿ. ಎಡಗಡೆಯದು ಅವರದು. ಉದ್ದ ನನ್ನದಕ್ಕಿಂತ ಎಷ್ಟೋ ಕಡಿಮೆ, ಅಗಲ ಹೆಚ್ಚುಕಡಿಮೆ ಒಂದೇ. ಬೆರಳುಗಳು ಬೀಸಣಿಗೆ ಬಿಚ್ಚಿದ ಹಾಗೆ. ಜೀವಮಾನ ಪೂರ್ತಿ ತೋಟದಲ್ಲಿ ಬರಿಗಾಲಲ್ಲಿ ನಡೆದ ಪಾದ. ನನ್ನದೂ ಅದೇ ಅಚ್ಚು. ಸ್ಕೀ ಬೂಟಿಗೆ ಉದ್ದದ ಜೊತೆ ಅಗಲದ ಲೆಕ್ಕವೂ ಇದೆ. 98 ಮಿಲಿಮೀಟರ್ ಅಂದರೆ ಬಿಗಿ, 100 ಮಧ್ಯಮ, 102ರಿಂದ ಮೇಲೆ ಅಗಲ. ಅಗಲ ಪಾದದವರು ಒತ್ತುತ್ತದೆ ಅಂತ ಉದ್ದದ ಬೂಟು ತಗೊಂಡರೆ ನನ್ನ ಕಥೆಯೇ ಮತ್ತೆ. ಕೇಳಬೇಕಾದ್ದು ಅಗಲದ ಬೂಟು. ಸ್ವಂತದ್ದಾದರೆ ಚಿಪ್ಪು ಬಿಸಿ ಮಾಡಿ, ಒತ್ತುವ ಜಾಗವನ್ನು ಒಳಗಿನಿಂದ ಉಬ್ಬಿಸಿ ಕೊಡುವವರಿದ್ದಾರೆ, ತಗ್ಗಾದ ತಾಮ್ರದ ಕೊಡ ಸರಿ ಮಾಡಿದ ಹಾಗೆ. ಬಾಡಿಗೆ ಬೂಟಿಗೆ ಯಾರೂ ಮಾಡಿಕೊಡುವುದಿಲ್ಲ.

ಅಳೆಯುವುದು ಸುಲಭ. ಹಿಮ್ಮಡಿ ಗೋಡೆಗೆ ತಾಗಿಸಿ, ಕಾಗದದ ಮೇಲೆ ಪೂರ್ತಿ ಭಾರ ಹಾಕಿ ನಿಂತು, ಉದ್ದದ ಬೆರಳಿನ ಮುಂದೆ ಗೆರೆ. ಎರಡೂ ಕಾಲು ಅಳೆಯಿರಿ. ನನ್ನ ಬಲಗಾಲು ಎಡಕ್ಕಿಂತ ಮೂರು ಮಿಲಿಮೀಟರ್ ಉದ್ದ. ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಬಲಗಡೆ ಉಗುರೇ ಯಾಕೆ ಹೋಯಿತು ಅನ್ನುವುದಕ್ಕೂ ಅದೇ ಉತ್ತರ ಇರಬಹುದು.

ಆ ಅಳತೆ ಬರೆದ ಚೀಟಿ ಈಗಲೂ ಫೋನ್ ಕವರಿನಲ್ಲಿದೆ. ಬಲ 25.8, ಎಡ 25.5, ಅಗಲ 10.3 ಸೆಂಟಿಮೀಟರ್. ಅಮ್ಮಮ್ಮನ ಅಳತೆಯೂ ಅದರ ಹಿಂದೆ ಇದೆ, ಅವರೇ ಬರೆಯಿಸಿದ್ದು. ಬರುವ ಜನವರಿಗೆ ಶ್ರೀನಗರದ ಟಿಕೆಟ್ ಆಗಿದೆ. ಆಯಿ, ನೀನು ಈ ವಿಡಿಯೊ ನೋಡಿದರೆ ಅಮ್ಮಮ್ಮನಿಗೆ ಹೇಳಬೇಡ.